ತೇಲುವ ಇಟ್ಟಿಗೆಯ ಖೋಲಿ

ಶಿರಗುಪ್ಪಿ, ತೋಟದ ಮನೆ
ಜುಲೈ ೨೩, ಬುಧವಾರ

ಪ್ರೀತಿಯ ನಮ್ಮ ಮನೆಯವರಿಗೆ,

ನಿಮ್ಮ ಗಂಗಾಳ ನಮಸ್ಕಾರಗಳು. ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ತೆಲಸಂಗದ ಕಡೆ ಮಳೆಯಿಲ್ಲ, ಬರೀ ಗಾಳಿ ಎಂದು ಟೆಂಪೋದ ಸಂಭಾಜಿ ಹೇಳಿದ. ಕಂಬಳಿಯನ್ನು ಕುರಿಮರಿಗೆ ಹೊದಿಸಿ ನೀವು ತೆಳ್ಳನೆಯ ಅಂಗಿಯಲ್ಲಿ ಕೂಡಬೇಡಿ, ನಿಮ್ಮ ಚಾಳಿ ನನಗೆ ಗೊತ್ತು. ಆ ಕುಂಟು ಕುರಿ ಈದಿತೇ? ಹೆಣ್ಣು ಮರಿಯಾದರೆ ಅದು ನನ್ನದು, ಮಾತು ಕೊಟ್ಟಿದ್ದೀರಿ. ಇಲ್ಲಿ ಅತ್ತೆ, ಮಾವ, ನಾನು ಮೂವರೂ ಮೈಯಲ್ಲಿ ಸುಖವಾಗಿದ್ದೇವೆ. ಮೈಯಲ್ಲಿ ಎಂದು ಬರೆದಿದ್ದೇನೆ, ಗಮನಿಸಿ. ಮನಸ್ಸಿನ ಮಾತು ಮುಂದಿದೆ.

ನಿಮ್ಮ ಫೋನು ಶನಿವಾರದಿಂದ ಹತ್ತುತ್ತಿಲ್ಲ. ಚಾರ್ಜ್ ಇಲ್ಲವೋ, ನೀರಿಗೆ ಬಿತ್ತೋ, ಕುರಿ ತುಳಿಯಿತೋ ದೇವರಿಗೇ ಗೊತ್ತು. ಹತ್ತಿದ್ದರೂ ಈ ವಿಷಯವನ್ನು ನಾನು ಬರೆದೇ ತಿಳಿಸುತ್ತಿದ್ದೆ. ಫೋನಿನಲ್ಲಿ ನೀವು ಅರ್ಧ ಕೇಳಿ “ಆತು ಬಿಡು, ನಾ ಬಂದ ನೋಡತೇನ” ಎಂದು ಕಟ್ ಮಾಡುತ್ತೀರಿ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಎಲ್ಲಾದರೂ ನೆರಳಿಗೆ ಕೂತು ಕೊನೆಯವರೆಗೆ ಓದಿ. ನಡುವೆ ಸಿಟ್ಟು ಬಂದರೆ ಒಂದು ಗುಟುಕು ನೀರು ಕುಡಿಯಿರಿ. ನನಗೆ ಹೆದರಿಕೆಯಾಗಿದೆ. ಮದುವೆಯಾಗಿ ಬಂದ ಮೇಲೆ ಇಷ್ಟು ಹೆದರಿದ್ದು ನೆನಪಿಲ್ಲ.

ಹೊಳೆ ಏರುತ್ತಿದೆ. ಮೇಲೆ ಮಹಾರಾಷ್ಟ್ರದಲ್ಲಿ ನೀರು ಬಿಟ್ಟಿದ್ದಾರಂತೆ. ಕೆಳಗಿನ ಸೇತುವೆ ನಿನ್ನೆ ಮುಳುಗಿತು, ನಮ್ಮ ಕೆಳಹೊಲದ ಕಬ್ಬಿನಲ್ಲಿ ಇವತ್ತು ಮೊಣಕಾಲುದ್ದ ನೀರಿದೆ. ಹೋದ ಮಹಾಪೂರದಲ್ಲಿ ನಾವು ಶಾಲೆಯಲ್ಲಿ ಗಂಜಿ ಕುಡಿಯುತ್ತ ಕೂತಿದ್ದಾಗ ಕುರಿ ದಡ್ಡಿಯಲ್ಲಿದ್ದ ಮರಿಗಳೆಲ್ಲ ಹೋದವಲ್ಲ, ಆಗಲೇ ಅಲ್ಲವೇ ನೀವು ಮೇಲೊಂದು ಖೋಲಿ ಬೇಕೇ ಬೇಕು ಎಂದು ಹಟ ಹಿಡಿದದ್ದು. ಸಮ್ಮೇದ ಇಂಜಿನಿಯರು ಅವತ್ತು ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ. ನಮ್ಮದು ಎರಿಮಣ್ಣಿನ ಪಾಯ, ಎರಡು ಸಲ ಮಹಾಪೂರದ ನೀರು ಕುಡಿದಿದೆ, ಅದರ ಮೇಲೆ ಕೆಂಪು ಇಟ್ಟಿಗೆ ಹೇರಿ ಜಲ್ಲಿ ಖಡಿಯ ಸ್ಲ್ಯಾಬ್ ಹಾಕಿದರೆ ಕೆಳಗಿನ ಮನೆಯೇ ಕುಸಿಯುತ್ತದೆ, ಗೋಡೆಗೂ ಸ್ಲ್ಯಾಬಿಗೂ ಹಗುರ ಕಾಂಕ್ರೀಟ್ ಆದರೆ ಪಾಯ ತಡೆಯುತ್ತದೆ ಎಂದರು. ನೀವು ಹೂಂ ಎಂದು ಹೇಳಿ ಕುರಿ ಹೊಡೆದುಕೊಂಡು ಹೋದಿರಿ. ಉಳಿದದ್ದು ನಮ್ಮ ತಲೆಯ ಮೇಲೆ ಬಂತು.

ಆ ಹಗುರ ಇಟ್ಟಿಗೆಗಳು ಬಂದ ದಿನ ನೀವು ಇರಬೇಕಿತ್ತು. ಹೆಸರಿಗೆ ಕಾಂಕ್ರೀಟು, ಒಳಗೆಲ್ಲ ಬರೀ ಗಾಳಿಯ ಗುಳ್ಳೆ. ಒಂದೊಂದೂ ನಮ್ಮ ತಲೆದಿಂಬಿನಷ್ಟು ದೊಡ್ಡದು, ಆದರೂ ನಾನು ಬಗಲಿಗೊಂದರಂತೆ ಎರಡೆರಡು ಹಿಡಿದು ಮೆಟ್ಟಿಲು ಹತ್ತಿದೆ. ಭಾವುಸಾಹೇಬ ಗೌಂಡಿ ಅವನ್ನು ಕಟ್ಟಿಗೆ ಕೊಯ್ದ ಹಾಗೆ ಗರಗಸದಿಂದ ಕೊಯ್ದ. ಒಂದು ವಾರದಲ್ಲಿ ಗೋಡೆ ಎದ್ದು ನಿಂತಿತು. ಬಿಸಿಲಿಗೆ ಹೊರಮೈ ಕಾದಿದ್ದರೂ ಒಳಗೆ ಕೈಯಿಟ್ಟರೆ ತಣ್ಣಗೆ. ಯಾವುದಕ್ಕೂ ಒಳ್ಳೆಯ ಮಾತಾಡದ ಅತ್ತೆ ಕೂಡ ಆ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, “ಹಾಂ, ಇದು ಖರೇ ಚಲೋ ಐತಿ ನೋಡ” ಎಂದರು. ಅತ್ತೆಯ ಬಾಯಲ್ಲಿ ಇಷ್ಟು ಬಂದರೆ ಅದು ಸರ್ಕಾರದ ಸರ್ಟಿಫಿಕೇಟು.

ಮಾವನಿಗೆ ಮಾತ್ರ ಸಮಾಧಾನವಿಲ್ಲ. ಒಂದು ತುಂಡನ್ನು ತಂದು ಕುರಿ ನೀರು ಕುಡಿಯುವ ತೊಟ್ಟಿಗೆ ಹಾಕಿದರು. ಅದು ತೇಲಿತು. ಕೋಲಿನಿಂದ ಒತ್ತಿ ಮುಳುಗಿಸಿದರು, ಮತ್ತೆ ಮೇಲೆ ಬಂತು. ನಾನು ನಕ್ಕೆ. ಅವರು ನಗಲಿಲ್ಲ. “ಹೊಳಿ ಬಂದ್ರ ಕಲ್ಲ ಕುಂಡ್ರತೈತಿ, ಕಟ್ಟಿಗಿ ಹೋಗತೈತಿ. ಇದು ಹೋಗೂ ಜಾತಿ ಗಂಗಾ” ಎಂದರು. ಗೋಡೆ ಪಿಲ್ಲರಿಗೆ ಕಟ್ಟಿದೆ, ಮೇಲೆ ಸ್ಲ್ಯಾಬಿನ ಭಾರ ಕೂಡುತ್ತದೆ, ಎಲ್ಲಿಗೂ ತೇಲಿ ಹೋಗುವುದಿಲ್ಲ ಎಂದು ಸಮ್ಮೇದ ಬಿಡಿಸಿ ಬಿಡಿಸಿ ಹೇಳಿದರು. ಮಾವ “ಹೌದ್ರಿ” ಎಂದರು. ಅವರ ಆ ಹೌದ್ರಿ ನಿಮಗೆ ಗೊತ್ತಲ್ಲ, ಒಪ್ಪದೇ ಇದ್ದಾಗ ಅನ್ನುವ ಹೌದ್ರಿ.

ಈಗ ನನ್ನ ಹೆದರಿಕೆಯ ಮೂಲಕ್ಕೆ ಬರುತ್ತೇನೆ. ಸ್ಲ್ಯಾಬಿಗೆ ಖಡಿಯ ಬದಲು ಬೂದಿ ಸುಟ್ಟು ಮಾಡಿದ ಸಣ್ಣ ಉಂಡೆಗಳು ಬಂದವು, ನೋಡಲು ಥೇಟ್ ಕುರಿ ಹಿಕ್ಕೆ. ಅವು ನೀರು ಕುಡಿಯುವ ಜಾತಿ. ಒಣಗಿದ್ದನ್ನೇ ಹಾಕಿದರೆ ಸಿಮೆಂಟಿನ ನೀರನ್ನೆಲ್ಲ ಹೀರಿಬಿಡುತ್ತವೆ, ಅದಕ್ಕೆ ಹಿಂದಿನ ದಿನವೇ ನೆನೆಹಾಕಬೇಕು. ಆ ಕೆಲಸ ನನಗಿರಲಿ ಎಂದು ಮಾವ ಮುಂದೆ ಬಂದರು. ದನಕ್ಕೆ ಹಿಂಡಿ ನೆನೆಸಿದ ಕೈ, ಇದೇನು ಮಹಾ ಎಂದು ನಾವೂ ಬಿಟ್ಟೆವು. ಸಾಲಾಗಿ ಡ್ರಮ್ಮು ಇಟ್ಟು, ಉಂಡೆ ಸುರುವಿ, ನೀರು ತುಂಬಿ, ಮೇಲೆ ಗೋಣಿತಾಟು ಮುಚ್ಚಿದರು. ಹತ್ತು ದಿನದ ಹಿಂದೆ ರವಿವಾರ ಕಾಯಿ ಒಡೆದು ಸ್ಲ್ಯಾಬ್ ಹಾಕಿದರು, ಸಂಜೆಯೊಳಗೆ ಮುಗಿಯಿತು. ಮಾವ ಪೇಟ ಸುತ್ತಿಕೊಂಡು ಬಂದವರಿಗೆಲ್ಲ ಚಹಾ ಕೊಟ್ಟರು. ನಾವೆಲ್ಲ ಎಷ್ಟು ಖುಷಿಯಲ್ಲಿದ್ದೆವು!

ಎರಡು ದಿನಕ್ಕೆ ಸ್ಲ್ಯಾಬ್ ಕಲ್ಲಾಯಿತು, ಪಡುವಣ ಮೂಲೆಯೊಂದು ಬಿಟ್ಟು. ಕೊನೆಯ ಡ್ರಮ್ಮಿನ ಮಾಲು ಬಿದ್ದದ್ದು ಅಲ್ಲಿಯೇ. ಸ್ಲ್ಯಾಬ್ ಒಣಗದಂತೆ ನೀರು ಹೊಡೆಯಲು ಮೇಲೆ ಹತ್ತಿದಾಗ ಹೆಬ್ಬೆರಳು ಒತ್ತಿ ನೋಡಿದೆ, ಉಗುರು ಇಳಿಯಿತು. ಮಳೆಯ ತಂಪಿಗೆ ತಡವಾಗಿದೆ ಎಂದುಕೊಂಡೆ. ಮರುದಿನವೂ ಇಳಿಯಿತು. ಅದರ ಮರುದಿನವೂ ಇಳಿಯಿತು. ಆವತ್ತೇ ಖಾಲಿ ಡ್ರಮ್ಮುಗಳನ್ನು ತೊಳೆಯಲು ಹೋದೆ. ಉಳಿದವು ಬರೀ ಬೂದಿ ಬಣ್ಣ. ಕೊನೆಯದರ ಅಂಚಿನ ತುಂಬ ಇರುವೆ! ನೆಲದಿಂದ ಸಾಲುಗಟ್ಟಿ ಹತ್ತಿ ಒಳಗಿಳಿಯುತ್ತಿದ್ದವು. ಬೆರಳು ಒರೆಸಿ ನಾಲಿಗೆಗೆ ಇಟ್ಟೆ. ಸಿಹಿ.

ಪಂಚಮಿ ಉಂಡಿಗೆಂದು ತಂದಿಟ್ಟಿದ್ದ ಬೆಲ್ಲದ ಪೆಂಟಿ ಎಲ್ಲಿ ಎಂದು ಅತ್ತೆ ಆ ವಾರವಿಡೀ ಹುಡುಕುತ್ತಿದ್ದರು. “ಆಡ ತಿಂದಿರಬೇಕ” ಎಂದು ಮಾವ ಹೇಳಿದ್ದರು. ಇಡೀ ಪೆಂಟಿ ತಿಂದು ತೇಗೂ ಬಿಡದ ಆಡು ಯಾವುದು ಎಂದು ಅತ್ತೆ ಜಗಳ ತೆಗೆದಿದ್ದರು. ನಿಮ್ಮ ಅಜ್ಜ ಕಾಗವಾಡದ ವಾಡೆಗೆ ಗಚ್ಚು ಅರೆದ ಕತೆಯನ್ನು ಮಾವ ಎಷ್ಟು ಸಲ ಹೇಳಿಲ್ಲ? ಸುಣ್ಣಕ್ಕೆ ಬೆಲ್ಲ, ಅಳಲೇಕಾಯಿ ನೀರು ಹಾಕಿ ಎತ್ತಿನ ಗಾಣದಲ್ಲಿ ಅರೆಯುತ್ತಿದ್ದರು, ಮೊಳೆ ಹೊಡೆದರೆ ಮೊಳೆಯೇ ಡೊಂಕಾಗುತ್ತಿತ್ತು ಎಂದು. ತೇಲುವ ಇಟ್ಟಿಗೆಯ ಮೇಲೆ ಮಗ ಸೊಸೆ ಕೂಡುತ್ತಾರೆ, ಸ್ಲ್ಯಾಬಾದರೂ ಗಟ್ಟಿಯಿರಲಿ, ಒತ್ತಿ ಹಿಡಿಯಲಿ ಎಂದು ಆ ಜೀವ ಯಾರಿಗೂ ಹೇಳದೆ ಬೆಲ್ಲ ಕರಗಿಸಿದೆ. ಇದರಲ್ಲಿ ಸಿಟ್ಟಾಗಲು ಏನಿದೆ ಹೇಳಿ. ಹೀಗೆ ಬರೆಯುವಾಗ ನನಗೆ ಅಳು ಬರುತ್ತಿದೆ.

ಮೊನ್ನೆ ಸೋಮವಾರ ಸಮ್ಮೇದ ಬಂದರು. ಮೂಲೆಯನ್ನು ಕೆದರಿ ಮುಖ ಸಣ್ಣದು ಮಾಡಿಕೊಂಡು, “ನೀರಿನ್ಯಾಗ ಸಕ್ಕರಿ, ಕಬ್ಬಿನ ಹಾಲ ಏನರ ಬಿದ್ದಿತ್ತೇನ್ರಿ? ಒಂದ ಮುಷ್ಟಿ ಬಿದ್ರೂ ಸಿಮೆಂಟ್ ಕೂಡೂದಿಲ್ಲ” ಎಂದು ಗಟ್ಟಿಯಾಗಿ ಕೇಳಿದರು. ಭಾವುಸಾಹೇಬ ದೇವರ ಆಣೆ ಮಾಡಿ ಇಲ್ಲ ಎಂದ. ಮಾವ ಮೆಟ್ಟಿಲ ಬಳಿ ಕೋಲೂರಿ ನಿಂತಿದ್ದರು. ನಾನು ನೆಲ ನೋಡುತ್ತ ನಿಂತೆ, ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಹಾಗಾದರೆ ಭಾವುಸಾಹೇಬ ಕಲಸಿದ ಆ ಚೀಲದ ಸಿಮೆಂಟೇ ಹಳೆಯದು, ಅದು ಎಂದೂ ಗಟ್ಟಿಯಾಗುವುದಿಲ್ಲ, ನೀರಿಳಿದ ಮೇಲೆ ಆ ಭಾಗ ಒಡೆದು ಹೊಸದಾಗಿ ಹಾಕೋಣ, ಅಲ್ಲಿಯತನಕ ಸ್ಲ್ಯಾಬಿಗೆ ಆಸರೆ ಕೊಟ್ಟ ಟೇಕೆ ಮುಟ್ಟಬೇಡಿ ಎಂದು ಹೇಳಿ ಹೋದರು. ಭಾವುಸಾಹೇಬನ ಮುಖ ಕಪ್ಪಿಟ್ಟಿತು. “ಇಷ್ಟ ವರ್ಷದಾಗ ನನ್ನ ಕೆಲಸಕ್ಕ ಯಾರೂ ಹೆಸರ ಇಟ್ಟಿಲ್ಲ” ಎಂದ. ಏಕಸಂಬಿಯಲ್ಲಿ ಬೇರೆ ಕೆಲಸ ಕಾಯುತ್ತಿದೆ, ಶುಕ್ರವಾರ ಬಂದು ನನ್ನ ಟೇಕೆ, ಪ್ಲೇಟು ತೆಗೆದುಕೊಂಡು ಹೋಗುತ್ತೇನೆ, ನಿಮ್ಮ ಸ್ಲ್ಯಾಬ್ ನಿಮಗೆ ಎಂದು ಸಿಟ್ಟಿನಲ್ಲೇ ಗಾಡಿ ಹತ್ತಿದ.

ಆವತ್ತಿನಿಂದ ನನ್ನ ಬಾಯಿಗೆ ರೊಟ್ಟಿ ರುಚಿಸುತ್ತಿಲ್ಲ. ನಿನ್ನೆ ಒಂದು ಆಡು ಮೇಲೆ ಹತ್ತಿ ಟೇಕೆಗೆ ಮೈ ಉಜ್ಜುತ್ತ ನಿಂತಿತ್ತು, ನಾನು ಕಿರುಚಿದ ಸದ್ದಿಗೆ ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಅವರಿಗೇನೂ ಗೊತ್ತಿಲ್ಲ. ನೀರು ಬರುವ ಮೊದಲೇ ಬೀರದೇವರ ಪೆಟ್ಟಿಗೆ, ಹಾಸಿಗೆ, ಜೋಳದ ಚೀಲ ಎಲ್ಲ ಮೇಲೆ ಸಾಗಿಸುವ ಆತುರ ಅವರಿಗೆ. ಈ ಸಲ ಶಾಲೆಗೆ ಹೋಗುವುದಿಲ್ಲ, ನನಗೂ ಮ್ಯಾಲಿನ ಖೋಲಿ ಐತಿ ಎಂದು ಓಣಿಯಲ್ಲೆಲ್ಲ ಹೇಳಿ ಬಂದಿದ್ದಾರೆ. ಅವರು ಮೇಲೆ ಹೋದಾಗಲೆಲ್ಲ ನಾನು ಏನಾದರೊಂದು ನೆವ ತೆಗೆದು ಕೆಳಗೆ ಕರೆಯುತ್ತೇನೆ. ಸೊಸೆಗೆ ತಲೆ ಕೆಟ್ಟಿದೆ ಎಂದು ಅವರ ತೀರ್ಮಾನ.

ಬೆಲ್ಲದ ಮಾತನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ಮಾವ ಊರಲ್ಲಿ ತಲೆಯೆತ್ತುವುದಿಲ್ಲ ಎಂಬ ಹೆದರಿಕೆ, ಹೇಳದಿದ್ದರೆ ಸ್ಲ್ಯಾಬಿನ ಹೆದರಿಕೆ. ಪಾಪ, ಭಾವುಸಾಹೇಬ ಬೇರೆ ಮಾಡದ ತಪ್ಪಿಗೆ ಮಾತು ಕೇಳಿದ್ದಾನೆ. ಕುರಿಗಳನ್ನು ಜತೆಗಾರರಿಗೆ ಒಪ್ಪಿಸಿ ಶುಕ್ರವಾರದೊಳಗೆ ಬನ್ನಿ. ಮಗ ಹೇಳಿದರೆ ಮಾವ ತಡೆದುಕೊಳ್ಳುತ್ತಾರೆ. ಆದರೆ ಕೂಗಾಡಬೇಡಿ. ಸಂಜೆ ಅವರ ಪಕ್ಕ ಕೂತು, ಎಲೆ ಅಡಿಕೆ ಕೊಟ್ಟು, ಮೆಲ್ಲಗೆ ಹೇಳಿ.

ಬೀರದೇವರು ನಿಮ್ಮನ್ನೂ ಕುರಿಗಳನ್ನೂ ಕಾಯಲಿ. ಅತ್ತೆ ಮಾವ ಆಶೀರ್ವಾದ ಹೇಳಿದ್ದಾರೆ, ಜತೆಗಾರರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಅಥಣಿ ಸಂತೆಗೆ ಮರಿ ಒಯ್ಯುವ ಸಂಭಾಜಿಯ ಟೆಂಪೋದಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಜತೆಗೆ ಶೇಂಗಾ ಹಿಂಡಿ ಚಟ್ನಿ, ಖಡಕ್ ರೊಟ್ಟಿ ಇವೆ. ಪೂರಾ ಓದಿದ ಮೇಲೆ ತಿನ್ನಿ.

ನಿಮ್ಮ
ಗಂಗಾ

ತಾ.ಕ.: ಸಂಭಾಜಿ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಓದಿಕೊಳ್ಳಿ. ಕಾಗದ ಮಡಚಿ ಮಾವನನ್ನು ಊಟಕ್ಕೆ ಕರೆಯಲು ಹೋದರೆ ಕೆಳಗೆಲ್ಲೂ ಇಲ್ಲ. ಮೇಲೆ ಆ ಮೂಲೆಯ ಕೆಳಗೇ ಕಂಬಳಿ ಹಾಸಿಕೊಂಡು ಕೂತಿದ್ದಾರೆ. ನನ್ನನ್ನು ನೋಡಿ, “ಗಂಗಾ, ಬೆಲ್ಲ ಸುಣ್ಣಕ್ಕಷ್ಟ ಆಗಿ ಬರತೈತೇನ?” ಎಂದು ಕೇಳಿದರು. ಸೋಮವಾರವೇ ಅವರಿಗೆ ಎಲ್ಲ ತಿಳಿದಿದೆ. ಭಾವುಸಾಹೇಬನಿಗೆ ತಾವೇ ಫೋನ್ ಮಾಡಿ, ತಪ್ಪು ನಿನ್ನದಲ್ಲ ನನ್ನದು ಎಂದು ಹೇಳಿ, ಶುಕ್ರವಾರ ಯಾಕೆ, ನಾಳೆ ಬೆಳಿಗ್ಗೆಯೇ ಬಂದು ಟೇಕೆ ತೆಗಿ ಎಂದಿದ್ದಾರೆ. ತೆಗೆಯುವಾಗ ತಾವು ಆ ಮೂಲೆಯ ಕೆಳಗೇ ಕೂಡುತ್ತಾರಂತೆ. “ನೀರ ಬಂದ ಮ್ಯಾಲ ಬಿದ್ರ ಎಲ್ಲಾರ ಮ್ಯಾಲ ಬೀಳತೈತಿ. ಈಗ ಬಿದ್ರ ನನ್ನೊಬ್ಬನ ಮ್ಯಾಲ. ಮಾಳೇಶಗ ತಿಳಿಸಬ್ಯಾಡ” ಎಂದು ನಿಮ್ಮ ಹೆಸರು ಹಿಡಿದು ಹೇಳಿದರು. ನಾನು ಅವರ ಎದುರೇ ಸಮ್ಮೇದರಿಗೆ ಫೋನ್ ಹಚ್ಚಿ ಬೆಲ್ಲದ ಮಾತು ಹೇಳಿದೆ. ಬೆಲ್ಲವಾದರೆ ತಡವಾಗಿಯಾದರೂ ಗಟ್ಟಿಯಾಗಬಹುದು, ಬಡಿದು ನೋಡದೆ ಏನೂ ಹೇಳಲಾರೆ, ಯಾರೂ ಅದರ ಕೆಳಗೆ ಇರಬೇಡಿ ಎಂದು ಅವರು ಕೂಗಿ ಹೇಳಿದರು. ಅವರು ಸೇತುವೆಯ ಆಚೆ ಸಿಕ್ಕಿಬಿದ್ದಿದ್ದಾರೆ, ಬರಲಾರರು. ಮಾವ “ಹೌದ್ರಿ” ಎಂದರು. ಕೂತಲ್ಲಿಂದ ಏಳಲಿಲ್ಲ. ನೀವು ಇದನ್ನು ಓದಿದ ಜಾಗದಿಂದಲೇ ಸಂಭಾಜಿಯ ಗಾಡಿ ಹತ್ತಿರಿ. ಸೊಸೆ ಸ್ಲ್ಯಾಬಿನ ಕೆಳಗಿರುವಾಗ ಮಾವ ಟೇಕೆ ಮುಟ್ಟಗೊಡುವುದಿಲ್ಲ, ಅಷ್ಟು ನನಗೆ ಗೊತ್ತು. ಅದಕ್ಕೆ ಅವರ ಕಂಬಳಿಯ ತುದಿಯಲ್ಲಿ, ಅದೇ ಮೂಲೆಯ ಕೆಳಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಸಂಭಾಜಿಯೇ ಮೇಲೆ ಬಂದು ಒಯ್ಯುತ್ತಾನೆ. ನೀವು ಬರುವ ತನಕ ನಾನೂ ಏಳುವುದಿಲ್ಲ.