ಗೋಡೆಯ ಮೇಲಿನ ಗೆರೆ

ಮಗನೇ,

ಕೈಯ ಪ್ಲಾಸ್ಟರ್ ಬಿಚ್ಚಿಸಲು ಅಮ್ಮನ ಜೊತೆ ಆಸ್ಪತ್ರೆಗೆ ಹೊರಟಿದ್ದೇನೆ. ಎಡಗೈಯಲ್ಲಿ ಗೀಚಿದ್ದು, ತಾಳ್ಮೆಯಿಂದ ಓದು.

ಬೈಕಿಗೆ ನೀನು ಹಾಕಿದ ಹೊಸ ಹೆಡ್‌ಲೈಟು ಒಳ್ಳೆಯದೇ. ಕತ್ತಲಲ್ಲಿ ಕೆಲಸದಿಂದ ಬರುವವನಿಗೆ ಬೇಕು. ಆದರೆ ಕೂರಿಸಿದ್ದು ಸರಿಯಿಲ್ಲ. ಬೆಳಕು ರಸ್ತೆ ಬಿಟ್ಟು ಎದುರಿನವರ ಮುಖಕ್ಕೇ ಹೊಡೆಯುತ್ತದೆ. ಲೇತ್ ಯಂತ್ರದ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದವನ ಮಗ ಮಾಡುವ ಕೆಲಸವೇನೋ ಇದು?

ಶೆಡ್ಡಿನ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ. ಹತ್ತು ಹೆಜ್ಜೆ ಹಿಂದೆ ಬೈಕ್ ನಿಲ್ಲಿಸು, ಭಾರಕ್ಕೆ ತಂಗಿಯನ್ನು ಮೇಲೆ ಕೂರಿಸು, ಲೈಟನ್ನು ಡಿಪ್ಪಿಗೆ ಹಾಕು. ಬೆಳಕು ಗೆರೆ ದಾಟದ ಹಾಗೆ ಸ್ಕ್ರೂ ತಿರುಗಿಸು. ಇವತ್ತೇ ಮಾಡು. "ನಾಳೆ ನೋಡೋಣ ಬಿಡಪ್ಪ" ಅನ್ನಬೇಡ.

ಆ ರಾತ್ರಿ ಲಾರಿಯ ಬೆಳಕು ಕಣ್ಣು ಕೋರೈಸಿ, ಸೈಕಲ್ ಸಮೇತ ಚರಂಡಿಗೆ ಬಿದ್ದು ಕೈ ಮುರಿದುಕೊಂಡೆ ಅಂತ ಎಲ್ಲರಿಗೂ ಹೇಳಿದ್ದೇನೆ. ಲಾರಿಗೆ ಎರಡು ದೀಪ ಇರುತ್ತವೆ ಕಣೋ. ನನಗೆ ಕಂಡದ್ದು ಒಂದೇ. ಪಕ್ಕದಲ್ಲಿ ಹಾದುಹೋದ ಆ ಸದ್ದು ದಿನಾ ನಮ್ಮ ಗೇಟಿನ ಮುಂದೆ ಬಂದು ನಿಲ್ಲುವ ಸದ್ದೇ. ನೀನು ನನ್ನನ್ನು ನೋಡಲಿಲ್ಲ, ಅದು ನನಗೆ ಗೊತ್ತು.

ಈ ಚೀಟಿ ಹರಿದುಹಾಕು. ಅಮ್ಮನ ಪಾಲಿಗೆ ಅದು ಲಾರಿಯಾಗಿಯೇ ಇರಲಿ.

ಅಪ್ಪ