ಬಲಗೈ ಬೆರಳಿನ ಶಾಯಿ

ಅತ್ತೀ,

ಇಂದು ಲೋಕಸಭೆ ಓಟಿನ ಎಣಿಕೆ ಮುಗಿಯಿತು. ನಿಮ್ಮ ಮಗ ದುಡಿದ ಪಾರ್ಟಿಯೇ ಇಲ್ಲಿ ಗೆದ್ದಿತು. ಮೈತುಂಬ ಗುಲಾಲು ಮೆತ್ತಿಕೊಂಡು ಬಂದವರು ಮಾಲೆ ಹಾಕಿದ ನಿಮ್ಮ ಫೋಟೋಕ್ಕೂ ಒಂದು ಚಿಟಿಕೆ ಹಚ್ಚಿ, "ಯವ್ವಾ, ನಿನ್ನ ಓಟು ದಂಡ ಆತು ನೋಡಬೇ," ಎಂದು ನಕ್ಕರು. ನೀವು ಎದುರು ಪಾರ್ಟಿಯವರೆಂದು ಊರಿಗೇ ಗೊತ್ತಿತ್ತಲ್ಲ. ನಾನು ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಕೂತೆ.

ಕಣ್ಣು ಹೋದ ಮೇಲೆ ಓಟು ಹಾಕಲು ಜೊತೆಗೆ ಮಗನನ್ನು ಕರೆಯಲಿಲ್ಲ ನೀವು. "ಅಂವ ಬ್ಯಾಡ, ತನಗ ಬೇಕಾದ್ದು ಒತ್ತತಾನ. ಅನ್ನಪೂರ್ಣಾ, ನೀ ಬಾರವಾ," ಎಂದಿರಿ. ತಿರ್ಲಾಪುರದ ಸಾಲಿಯ ಮತಗಟ್ಟೆಯಲ್ಲಿ, ನಿಮ್ಮ ಓಟಿನ ಗುಟ್ಟು ಯಾರಿಗೂ ಹೇಳುವುದಿಲ್ಲವೆಂದು ಬರೆದು ಸಹಿ ಮಾಡಿಕೊಟ್ಟೆ. ನನ್ನ ಓಟಿಗೆ ಎಡಗೈ ಬೆರಳಿಗೆ ಶಾಯಿ ಹಚ್ಚಿದ್ದರು, ನಿಮ್ಮ ಪರವಾಗಿ ಒತ್ತುವವಳೆಂದು ನನ್ನ ಬಲಗೈಗೂ ಹಚ್ಚಿದರು. ಮಷಿನ್ನು ಕೂಗಿದ ಕೂಡಲೇ ನನ್ನ ರಟ್ಟೆ ಹಿಡಿದು ಕೇಳಿದಿರಿ: "ನಾ ಹೇಳಿದ್ದಕ್ಕ ಒತ್ತಿದೇನವಾ?"

"ಹೌದ್ರಿ ಅತ್ತಿ," ಎಂದೆ.

ಒತ್ತಿದ್ದು ನಿಮ್ಮ ಮಗನ ಪಾರ್ಟಿಗೆ. ಮನೆಯ ಮೂರೂ ಓಟು ಒಂದೇ ಕಡೆ ಬೀಳಬೇಕೆಂದು ಅವರು ಹೇಳಿದ್ದು ನಿಜ. ಆದರೆ ಅವರಿಗೆ ಹೆದರಿ ಒತ್ತಿದೆ ಅಂದರೆ ಸುಳ್ಳಾಗುತ್ತದೆ. ಅಲ್ಲಿ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ಮುದುಕಿಗೇನು ತಿಳಿಯುತ್ತದೆ ಅಂದುಕೊಂಡೆ, ಅಷ್ಟೇ.

ಆಮೇಲೆ ನೀವು ಇದ್ದದ್ದು ಹನ್ನೆರಡೇ ದಿನ. ಅಷ್ಟೂ ದಿನ ಬಂದವರೆದುರು, "ನನ್ನ ಸೊಸಿ ಕಣ್ಣಾಗಿ ನಿಂತಳು," ಎಂದು ಹೇಳಿಕೊಂಡಿರಿ. ನಾನು ಚಹಾ ಕೊಟ್ಟು ಒಳಗೆ ಹೋಗುತ್ತಿದ್ದೆ.

ಬರೆದುಕೊಟ್ಟ ಮಾತು ಉಳಿಸಿಕೊಂಡಿದ್ದೇನೆ, ಅತ್ತಿ. ನಿಮ್ಮ ಓಟಿನ ಗುಟ್ಟನ್ನು ನಿಮಗೂ ಹೇಳಲಿಲ್ಲ.