ಪಾರ್ಸೆಲ್ ಕೋಣೆಯ ಬಾಗಿಲಿನಿಂದ

ಗೊಬ್ಬೂರ
ತಾ. ೧೬ ಫೆಬ್ರುವರಿ ೧೯೪೧, ರವಿವಾರ

ಆಳಂದದಲ್ಲಿ ಅಣ್ಣನ ಮನೆಯಲ್ಲಿರುವ ಸೌ. ಗುರುಶಾಂತಮ್ಮಳಿಗೆ ಶಾಂತಲಿಂಗಪ್ಪನ ಶರಣು. ಅಣ್ಣಾರಾಯರಿಗೂ ತಿಳಿಸು.

ನೀನು ಹೋದ ಮೇಲೆ ಇದು ನನ್ನ ಆರನೆಯ ಪತ್ರ. ಮೊದಲಿನ ಐದಕ್ಕೆ ಉತ್ತರ ಬರಲಿಲ್ಲ. ಅವುಗಳಲ್ಲಿ ಮಳೆ, ತೊಗರಿ, ನನ್ನ ಮಂಡಿನೋವು ಬಿಟ್ಟರೆ ಉತ್ತರ ಕೊಡುವಂಥದ್ದೇನೂ ಇರಲಿಲ್ಲ. ಇದರಲ್ಲಿ ಇದೆ. ನಿನಗೆ ಗೊತ್ತಿದ್ದರೂ ಮೊದಲಿನಿಂದ ಬರೆಯುತ್ತೇನೆ. ಕ್ರಮ ತಪ್ಪಿದರೆ ನನಗೆ ಬರೆಯಲು ಬರುವುದಿಲ್ಲ.

೧೯೩೬ರ ನವೆಂಬರಿನಲ್ಲಿ ನಮ್ಮ ಸ್ಟೇಶನ್ನಿನೊಳಗೆ ಗೂಡ್ಸ್ ಗಾಡಿ ನುಗ್ಗಿ ನಿಂತ ಡಬ್ಬಿಗಳಿಗೆ ಬಡಿಯಿತು. ಗಾರ್ಡ್ ತೀರಿಕೊಂಡ. ಸಿಗ್ನಲ್ಲಿನ ಕೈ ಇಳಿದಿತ್ತು, ಅದಕ್ಕೇ ಒಳಗೆ ಬಂದೆ ಎಂದು ಡ್ರೈವರ್ ಹೇಳಿದ. ಕೈ ಅಡ್ಡವೇ ಇತ್ತು, ನಾನು ಇಳಿಸಿಲ್ಲ ಎಂದು ಪಾಯಿಂಟ್ಸ್‌ಮನ್ ಜಹೀರುದ್ದೀನ ಹೇಳಿದ. ಮೂರನೆಯ ಮಾತು ಅಸಿಸ್ಟೆಂಟ್ ಸ್ಟೇಶನ್ ಮಾಸ್ತರನಾದ ನನ್ನದು. ಪಾರ್ಸೆಲ್ ಕೋಣೆಯ ಬಾಗಿಲಲ್ಲಿ ನಿಂತಿದ್ದೆ, ಕೈ ಇಳಿದದ್ದನ್ನು ಕಂಡೆ ಎಂದೆ. ಜಹೀರುದ್ದೀನನ ನೌಕರಿ ಹೋಯಿತು.

ಮನೆಗೆ ಬಂದು ಹೇಳಿದಾಗ ನೀನು ಕೇಳಿದ್ದು ಒಂದೇ ಮಾತು. 'ಕಂಡೀರಿ?' ಎಂದೆ. ನಾನು ಹೌದೆಂದೆ. ಮರುದಿನ ನೀನು ಟ್ರಂಕು ತುಂಬುತ್ತ, 'ನೀವು ಖರೇ ಬರದು ಕೊಡೂತನಕ ನಾ ಈ ಹೊಸ್ತಿಲಾ ತುಳಿಯಂಗಿಲ್ರಿ. ಕರೀಮುನ್ನಿಸಾನ ಮಾರಿ ನಾ ಹ್ಯಾಂಗ ನೋಡ್ಲಿ?' ಎಂದೆ. ಜಹೀರುದ್ದೀನನ ಹೆಂಡತಿಯಾದ ಅವಳು ನಿನಗೆ ತಂಗಿಯಂತಿದ್ದಳು.

ನಿವೃತ್ತನಾಗಿ ಗೊಬ್ಬೂರಿಗೆ ಬಂದ ಮೇಲೆ ಹೊತ್ತು ಕಳೆಯಲು ಒಂದು ಕೆಲಸ ಹಿಡಿದೆ. ನಮ್ಮ ಸ್ಟೇಶನ್ನನ್ನೇ ಪಡಸಾಲೆಯಲ್ಲಿ ಸಣ್ಣದಾಗಿ ಕಟ್ಟುವುದು. ಹತ್ತು ಅಡಿಗೆ ಒಂದು ಇಂಚು ಲೆಕ್ಕ. ಹಳೆಯ ಬಾಗಿಲಿನ ಹಲಗೆಗಳನ್ನು ಜೋಳದ ಚೀಲಗಳ ಮೇಲೆ ಹಾಸಿದೆ. ಹಳಿಗೆ ಕೊಡೆಯ ಕಡ್ಡಿ, ಅದರ ಅಡಿಗೆ ಕಸಬರಿಗೆ ಕಡ್ಡಿ. ಎಂಜಿನ್ನು, ಡಬ್ಬಿಗಳು ಘಾಸಲೇಟ್ ಎಣ್ಣೆಯ ಡಬ್ಬದ ತಗಡಿನವು. ಹಳಿ ಹಾಯುವ ಮಣ್ಣಿನ ಏರಿಯನ್ನು ನೀನು ಬುಟ್ಟಿ ಮಾಡುತ್ತಿದ್ದ ರೀತಿಯಲ್ಲಿ, ಪೇಪರು ನೆನೆಸಿ ಮೆಂತ್ಯ ಹಾಕಿ ರುಬ್ಬಿ ಮಾಡಿದೆ. ಮೆಂತ್ಯ ಎಷ್ಟು ಎಂದು ಕೇಳಲು ಯಾರೂ ಇರಲಿಲ್ಲ. ಮೊದಲನೆಯ ಏರಿ ಒಡೆಯಿತು, ಎರಡನೆಯದಕ್ಕೆ ಹುಳ ಬಿತ್ತು, ಮೂರನೆಯದು ನಿಂತಿದೆ.

ಎರಡು ವರ್ಷ ಹಿಡಿಯಿತು. ನೋಡಲು ಬಂದವರು ಕಡಿಮೆ. ಮಧ್ಯಾಹ್ನ ಗಾಡಿಗೆ ದಾರ ಕಟ್ಟಿ ಪ್ಲಾಟ್‌ಫಾರ್ಮಿಗೆ ಎಳೆಯುತ್ತೇನೆ. ಗಾಡಿ ನಿಂತ ಮೇಲೆ ಏನು ಮಾಡಬೇಕೆಂದು ತಿಳಿಯದೆ ಮತ್ತೆ ಹಿಂದಕ್ಕೆ ನೂಕುತ್ತೇನೆ.

ಹೋದ ತಿಂಗಳು ಇದರ ಫೋಟೋ ತೆಗೆಸಬೇಕೆನಿಸಿತು. ಕಲಬುರ್ಗಿಯಿಂದ ಫೋಟೋ ತೆಗೆಯುವ ಭಗವಂತ ಎಂಬವನು ಸ್ಟ್ಯಾಂಡಿನ ಕ್ಯಾಮೆರಾ ಹೊತ್ತು ಬಂದ. ಯುದ್ಧದಿಂದಾಗಿ ಪ್ಲೇಟು ಸಿಗುವುದಿಲ್ಲ, ಎರಡೇ ತಂದಿದ್ದೇನೆ ಎಂದ. ಬೆಳಕಿಂಡಿಯ ಬಿಸಿಲು ನೇರ ಬೀಳುವವರೆಗೆ ಕಾದು ಮೊದಲನೆಯದನ್ನು ಮೇಲಿನಿಂದ ತೆಗೆದ. ನಂತರ ತಲೆ ಕೆರೆದುಕೊಂಡು, 'ಕಾಕಾ, ಇದು ಕಾಗಿ ನೋಡಿದಂಗ ಕಾಣ್ತದ. ಮನಷ್ಯಾ ನೋಡಿದಂಗ ತೆಗೀಬೇಕು. ನೀವು ಎಲ್ಲಿ ನಿಂದರ್ತಿದ್ರಿ ಹೇಳ್ರಿ' ಎಂದ. ನನ್ನ ಬೆರಳು ಪಾರ್ಸೆಲ್ ಕೋಣೆಯ ಬಾಗಿಲಿಗೆ ಹೋಯಿತು. ನಾಲ್ಕು ವರ್ಷ ಹೇಳಿದ ಮಾತು, ರೂಢಿಯಾಗಿತ್ತು.

ಕ್ಯಾಮೆರಾ ಅಷ್ಟು ಕೆಳಗೆ ಇಳಿಯಲಿಲ್ಲ. ಹಲಗೆಯ ಅಂಚು ಕೊಯ್ಯಬೇಕೆಂದ. ಎರಡು ವರ್ಷದ ಕೆಲಸಕ್ಕೆ ಗರಗಸ ಇಡಲು ಕೈ ಬರಲಿಲ್ಲ, ಅವನೇ ಕೊಯ್ದ. ಕರಿ ಬಟ್ಟೆಯೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿ, 'ಕಾಕಾ, ಇಲ್ಲಿಂದ ನಿಮ್ಮ ಸಿಗ್ನಲ್ ಕಾಣೂದೇ ಇಲ್ಲ. ನೀರಿನ ಟ್ಯಾಂಕಿಗೆ ಹಸಿರು ನಿಶಾನಿ ತೋರಿಸ್ತಿದ್ರೇನು?' ಎಂದು ನಕ್ಕ.

ನಾನೂ ತಲೆ ಹಾಕಿ ನೋಡಿದೆ. ಅವನು ಹೇಳಿದ್ದು ಸರಿ, ಸಿಗ್ನಲ್ಲು ನೀರಿನ ಟ್ಯಾಂಕಿಯ ಮರೆಗೆ ಹೋಗಿತ್ತು. ಸೋಲಾಪುರದ ವಿಚಾರಣೆಯಲ್ಲಿ ಸಾಹೇಬರು ಕಾಗದದ ನಕಾಶೆಯ ಮೇಲೆ ಆ ಬಾಗಿಲಿಂದ ಸಿಗ್ನಲ್ಲಿಗೆ ಪೆನ್ಸಿಲ್ ಗೆರೆ ಎಳೆದಿದ್ದರು. ನಡುವೆ ಟ್ಯಾಂಕಿ ಒಂದು ಸುತ್ತುಗೆರೆ ಮಾತ್ರ. ಅದು ಕಂಬಗಳ ಮೇಲಿದೆ, ಕೆಳಗೆ ಬಯಲು ಕಾಣುತ್ತದೆ ಎಂದಿದ್ದೆ. ಸಿಗ್ನಲ್ಲಿನ ಕೈ ಇರುವುದು ಮೇಲೆ, ಟ್ಯಾಂಕಿಯ ಹೊಟ್ಟೆಯ ಮಟ್ಟಕ್ಕೆ. ನಕಾಶೆಯಲ್ಲಿ ಯಾವುದಕ್ಕೂ ಎತ್ತರವಿರಲಿಲ್ಲ, ಯಾರೂ ಸ್ಥಳಕ್ಕೆ ಬಂದು ನಿಂತು ನೋಡಲೂ ಇಲ್ಲ.

ಆ ಬಾಗಿಲಿನಿಂದ ತೆಗೆದ ಫೋಟೋ ಕೈಗೆ ಬಂದ ಮೇಲೆ ಜೇವರ್ಗಿಗೆ ಹೋದೆ. ಜಹೀರುದ್ದೀನ ಈಗ ಅಲ್ಲಿ ಹತ್ತಿ ಅಂಗಡಿಯಲ್ಲಿ ಮೂಟೆ ತೂಗುತ್ತಾನೆ. ಗಡ್ಡ ಪೂರಾ ಬೆಳ್ಳಗಾಗಿದೆ. ಕರೀಮುನ್ನಿಸಾ ಮೊದಲು ಫೋಟೋ ತೆಗೆದುಕೊಂಡು ನೋಡಿ, 'ಗಾಡಿ ಛಲೋ ಮಾಡೀರಿ ಸಾಹೇಬ್ರ. ಮಂದೀನ ಯಾಕ ಮಾಡಿಲ್ಲ?' ಎಂದಳು. ನಿನ್ನ ಸುದ್ದಿ ಕೇಳಿದಳು. ಅವರಿಬ್ಬರಿಗೂ ಟ್ಯಾಂಕಿ ತೋರಿಸಿ, ನನ್ನ ಕಣ್ಣು ತಪ್ಪಿರಬೇಕು, ರೈಲ್ವೆ ಕಂಪನಿಗೆ ಹಾಗೆಂದು ಅರ್ಜಿ ಬರೆಯುತ್ತೇನೆ ಎಂದೆ. ಜಹೀರುದ್ದೀನ ಫೋಟೋವನ್ನು ಬೆಳಕಿಗೆ ಹಿಡಿದು, 'ನೀವು ಇದರಾಗ ಎಲ್ಲಿ ನಿಂತಿದ್ರಿ ಸಾಹೇಬ್ರ?' ಎಂದು ಕೇಳಿದ. ಬಾಗಿಲು ತೋರಿಸಿದೆ. ಅವನು ಫೋಟೋ ಹಿಂದಕ್ಕೆ ಕೊಟ್ಟ. ಚಾ ಕುಡಿಸಿ ಮೋಟಾರಿನ ತನಕ ಬಂದು ಕಳಿಸಿದ. ನನ್ನ ಕೈಚೀಲವನ್ನೂ ಅವನೇ ಹಿಡಿದಿದ್ದ.

ಅರ್ಜಿ ಬರೆದಿಟ್ಟಿದ್ದೇನೆ. ಅಂದು ನೋಟದ ತಪ್ಪಾಗಿದೆ, ಜಹೀರುದ್ದೀನನ ಮೇಲಿನ ಆರೋಪವನ್ನು ಮತ್ತೆ ವಿಚಾರಿಸಬೇಕು ಎಂದು ಕೇಳಿದ್ದೇನೆ. ಜೊತೆಗೆ ಫೋಟೋ ಇಡುತ್ತೇನೆ. ಅದರ ಇನ್ನೊಂದು ಪ್ರತಿ ಇದರಲ್ಲಿದೆ. ಇಷ್ಟು ಸಾಕಾದರೆ ಎರಡು ಸಾಲು ಬರೆ. ನಾನು ಆಳಂದಕ್ಕೆ ಬಂದು ನಿನ್ನನ್ನು ಕರೆದುಕೊಂಡು ಬರುತ್ತೇನೆ.

ಗೊಬ್ಬೂರಿನ ಮನೆಯಿಂದ,
ಶಾಂತಲಿಂಗಪ್ಪ

ತಾ.ಕ. ಇಂದು ಮಂಗಳವಾರ. ಎರಡು ದಿನವಾದರೂ ಈ ಪತ್ರ ಅಂಚೆಗೆ ಹಾಕಲಾಗಲಿಲ್ಲ. ನೋಟದ ತಪ್ಪು ಎಂದದ್ದೂ ಸುಳ್ಳೇ. ಆ ಅರ್ಜಿ ಹರಿದು ಬೇರೆ ಬರೆದು ಇವತ್ತು ರಿಜಿಸ್ಟರ್ ಮಾಡಿ ಬಂದೆ. ಗಾಡಿ ಬಡಿದಾಗ ನಾನು ಡ್ಯೂಟಿ ಬಿಟ್ಟು ಕ್ವಾರ್ಟರ್ಸಿನಲ್ಲಿ ಉಣ್ಣುತ್ತಿದ್ದೆ, ಸಿಗ್ನಲ್ಲನ್ನು ನೋಡಲೇ ಇಲ್ಲ, ನೌಕರಿ ಹೋದೀತೆಂದು ಸುಳ್ಳು ಹೇಳಿದೆ ಎಂದು ಅದರಲ್ಲಿದೆ. ಬಡಿಸುತ್ತಿದ್ದ ನನ್ನ ಹೆಂಡತಿ ಒಬ್ಬಳೇ ಸಾಕ್ಷಿ ಎಂದು ನಿನ್ನ ಹೆಸರು, ಆಳಂದದ ವಿಳಾಸ ಕೊಟ್ಟಿದ್ದೇನೆ. ಕಂಪನಿಯ ಕಾಗದ ಬಂದರೆ ಕಂಡದ್ದನ್ನು ಕಂಡ ಹಾಗೆ ಹೇಳು. ನನಗೆ ಏನಾದೀತೆಂದು ನೋಡಬೇಡ. ಮೇಲೆ ಪತ್ರದಲ್ಲಿ, ನಿನ್ನನ್ನು ಕರೆದುಕೊಂಡು ಬರುತ್ತೇನೆ ಎಂದು ಬರೆದದ್ದನ್ನು ಬಿಟ್ಟು ಓದು. ಬರುವುದು ನಿನ್ನ ಮನಸ್ಸಿಗೆ ಬಿಟ್ಟದ್ದು.